ನೂಲು ನಮ್ಮದು, ಗಂಟು ನಮ್ಮದಲ್ಲ

"ಆಸ್ಪತ್ರೆಯಲ್ಲಿದ್ರೆ ಎಂತ ಆಯ್ತು? ಹೆಸರು ಸುಶಾಂತನದ್ದೇ ಹೋಗ್ಬೇಕು."

ದುಗ್ಗಣ್ಣ ಹಾಗೆಂದು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಒತ್ತಿ ಹಿಡಿದರು. ಮೇಜು ಅವರದ್ದೇ, ಕೋಣೆಯೂ ಅವರದ್ದೇ. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವರ ಗ್ಯಾರೇಜಿನ ಮೇಲೆ ಇರುವ ಆ ಕೋಣೆಯೇ ಪಡುಕಡಲು ಫುಟ್‌ಬಾಲ್ ತಂಡದ ಕಚೇರಿ. ಕೆಳಗೆ ರಂಜಾನಿನ ಹೊತ್ತಿಗೆ ತಕ್ಕಂತೆ ಕೆಲಸ ಬೇಗ ನಿಂತಿತ್ತು. ಹೊರಗೆ ಕಂಪನಿಯ ಬಸ್ಸುಗಳು ಕೆಲಸಗಾರರನ್ನು ತುಂಬಿಕೊಂಡು ಕ್ಯಾಂಪುಗಳ ಕಡೆಗೆ ಹೋಗುತ್ತಿದ್ದ ಸದ್ದು ಮಾತ್ರ ಇತ್ತು.

"ಹೆಸರು ಹೋಗ್ಬಹುದು ದುಗ್ಗಣ್ಣ, ಆಡ್ಲಿಕ್ಕೆ ಯಾರು ಹೋಗುದು?" ಎಂದರು ಕೋಚ್ ವ್ಯಾಲೆಂಟೈನ್. "ತಲೆಗೆ ಹೊಲಿಗೆ ಹಾಕಿದ ಹುಡುಗನನ್ನು ಸ್ಟ್ರೈಕರ್ ಅಂತ ನಿಲ್ಲಿಸುದಾ? ಕೆನೆತ್‌ನನ್ನು ತೆಗೊಳ್ಳಿ. ಸರಿಯಾದ ಗೋಲ್‌ಕೀಪರ್ ಇಲ್ದೆ ಕಳೆದ ವರ್ಷ ನಾವು ತಿಂದ ಗೋಲು ಸಾಲ್ದಾ?"

"ಕೆನೆತ್ ಒಳ್ಳೆಯ ಹುಡುಗ. ಎತ್ತರ ಉಂಟು," ಎಂದರು ತಂಡದ ಹಿರಿಯ ಪಕೀರಬ್ಬ, ಬಿಳಿ ಗಡ್ಡವನ್ನು ನೀವಿಕೊಳ್ಳುತ್ತ. "ಆದ್ರೆ ಬಾಲ್ ಹತ್ರ ಬರುವಾಗ ಕಣ್ಣು ಮುಚ್ತಾನೆ."

"ಪ್ರಾರ್ಥನೆ ಮಾಡ್ತಾನೆ ಕಾಕ."

"ಪ್ರಾರ್ಥನೆ ಆಟಕ್ಕೆ ಮೊದ್ಲು ಮಾಡ್ಲಿ ಮಾರಾಯ."

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಇವತ್ತು ವ್ಯಾಲೆಂಟೈನ್ ಮಾತ್ರ ಅರ್ಧ ನಕ್ಕು, ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಿದ್ದ ಫಾಯಿಝ್‌ನ ಕಡೆ ನೋಡಿ ಸುಮ್ಮನಾದರು.

ದೋಹಾದ ಕಾಲೇಜುಗಳಲ್ಲಿ ಆಡುವ ಹುಡುಗರನ್ನು ಕರಾವಳಿ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಡ್ರಾಫ್ಟ್ ಎಂದೇ ಅದಕ್ಕೆ ಎಲ್ಲರೂ ಹೇಳುವುದು. ಹಿಂದಿನ ವರ್ಷ ಕೊನೆಯ ಸ್ಥಾನಕ್ಕೆ ಇಳಿದ ತಂಡಕ್ಕೆ ಮೊದಲ ಸರದಿ. ಈ ವರ್ಷ ಆ ಸರದಿ ಪಡುಕಡಲಿನದು. ಇವತ್ತು ಸೂರ್ಯಾಸ್ತದ ಮಗ್ರಿಬ್ ಬಾಂಗಿನೊಳಗೆ ಒಂದು ಹೆಸರು ಲೀಗಿಗೆ ಹೋಗಬೇಕು. ಹೋಗದಿದ್ದರೆ ಸರದಿ ಕೈ ತಪ್ಪುತ್ತದೆ.

ಕಳೆದ ಶುಕ್ರವಾರದ ತನಕ ಅದು ಕಷ್ಟದ ಕೆಲಸವಾಗಿರಲಿಲ್ಲ. ಸುಶಾಂತ್ ಅಥವಾ ಫಾಯಿಝ್, ಇಬ್ಬರಲ್ಲಿ ಒಬ್ಬ. ಆದರೆ ಶುಕ್ರವಾರದ ಪರೀಕ್ಷಾ ಪಂದ್ಯದ ಕೊನೆಗೆ ಸುಶಾಂತ್ ತೂರಾಡಿಕೊಂಡು ಹೋಗಿ ಗೋಲಿನ ಕಂಬಕ್ಕೆ ತಲೆ ಬಡಿದು ಬಿದ್ದ. ಅವನ ರಕ್ತದಲ್ಲಿ ನಿದ್ದೆಮಾತ್ರೆಯ ಔಷಧ ಸಿಕ್ಕಿತು. ಎಚ್ಚರ ಬಂದಿದ್ದರೂ ಅವನನ್ನು ಮಾತಾಡಿಸಲು ಡಾಕ್ಟರು ಇನ್ನೂ ಯಾರನ್ನೂ ಬಿಟ್ಟಿರಲಿಲ್ಲ.

ಹಾಗಾಗಿಯೇ ಜ್ಯೋತ್ಸ್ನಾಳನ್ನು ಕರೆಸಿದ್ದು. ವಿಮೆ ಕಂಪನಿಯಲ್ಲಿ ಅವಳ ಕೆಲಸ, ಅಪಘಾತವಾದ ವಾಹನಗಳನ್ನು ನೋಡಿ, ಸವಾರರ ಮಾತು ಕೇಳಿ, ಕ್ಲೇಮು ನಿಜವೋ ಸುಳ್ಳೋ ಎಂದು ಹೇಳುವುದು. ಅದಕ್ಕಿಂತ ಹೆಚ್ಚಾಗಿ, ಈ ತಂಡವನ್ನು ಕಟ್ಟಿದವನು ಅವಳ ಗಂಡ ಲೋಕನಾಥ. ಅವನು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಗೋಡೆಯ ಮೇಲೆ ಸೀಟಿ ಕಚ್ಚಿಕೊಂಡ ಅವನ ಫೋಟೋ ಇತ್ತು. ಒಳಗೆ ಬಂದಾಗಿನಿಂದ ಜ್ಯೋತ್ಸ್ನಾ ಆ ಕಡೆ ನೋಡಿರಲಿಲ್ಲ.

ಅವಳ ಮಡಿಲಲ್ಲಿದ್ದ ಕೈಚೀಲದೊಳಗೆ ಒಂದು ಪುಟ್ಟ ಪೊಟ್ಟಣವಿತ್ತು. ಅದರ ಸುದ್ದಿ ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತು.

"ಫಾಯಿಝ್‌ನ ಹೆಸರು ಯಾಕೆ ಬೇಡ ಅಂತ ನೀವು ಇನ್ನೊಮ್ಮೆ ಹೇಳಿ ದುಗ್ಗಣ್ಣ," ಎಂದಳು.

"ಇನ್ನೆಷ್ಟು ಸಲ ಹೇಳುದು ಜ್ಯೋತ್ಸ್ನಕ್ಕ? ಸುಶಾಂತನಿಗೆ ನೀರಿನ ಬಾಟಲಿ ಕೊಟ್ಟದ್ದು ಇವನೇ. ನಾನು ಕಣ್ಣಾರೆ ಕಂಡಿದ್ದೇನೆ." ದುಗ್ಗಣ್ಣ ಹುಡುಗನ ಕಡೆ ಬೆರಳು ತೋರಿಸಲಿಲ್ಲ, ಗಲ್ಲ ಮಾತ್ರ ಆಡಿಸಿದರು. "ಸುಶಾಂತ ಬಿದ್ರೆ ಮೊದಲ ಸರದಿ ಯಾರಿಗೆ? ಇವನಿಗೆ. ಸರದಿ ಸಿಕ್ಕಿದವನಿಗೆ ನನ್ನ ಕಂಪನಿಯಲ್ಲಿ ಕೆಲಸ ಅಂತ ನಾನೇ ಹೇಳಿ ಆಗಿದೆ. ಇವನ ಕಾಲೇಜು ಈ ಸಲ ಮುಗೀತದೆ. ವೀಸಾವೂ ಮುಗೀತದೆ. ಇನ್ನು ಎಂತ ಬೇಕು ನಿಮಗೆ?"

"ಹಾಗಾದ್ರೆ ಕಾರಣ ಉಂಟು ಅಂತ ಆಯ್ತು. ಮಾಡಿದ್ದಾನೆ ಅಂತ ಆಗ್ಲಿಲ್ಲ," ಎಂದರು ಪಕೀರಬ್ಬ. "ಇಲ್ಲೇ ಹುಟ್ಟಿದ ಹುಡುಗ ಅವ. ತಂದೆ ಇಲ್ಲ. ನೀವು ಪೊಲೀಸಿಗೆ ಒಂದು ಮಾತು ಹೇಳಿದ್ರೆ ಕಾಲೇಜೂ ಖಲಾಸ್, ಇಲ್ಲಿಯ ಬದುಕೂ ಖಲಾಸ್. ಅವನ ಉಮ್ಮ ಐನ್ ಖಾಲಿದಿನ ಮನೆಯಲ್ಲಿ ಎರಡು ದಿನದಿಂದ ನೀರು ಕುಡಿದೇ ಉಪವಾಸ ಬಿಡುದು, ಅನ್ನ ಮುಟ್ಲಿಲ್ಲ."

"ಸುಶಾಂತನ ಅಮ್ಮ ಸುರತ್ಕಲ್ಲಿನಲ್ಲಿ ತಿಂತಾ ಕೂತಿದ್ದಾರಾ ಕಾಕ?"

ದುಗ್ಗಣ್ಣ ಅಂಗೈಯಿಂದ ಮೇಜು ಬಡಿದರು. ಆ ಸಿಟ್ಟು ನಟನೆಯಲ್ಲ. ಮಕ್ಕಳಿಲ್ಲದ ಮನುಷ್ಯ. ಸುಶಾಂತ್ ಗೋಲು ಹೊಡೆದಾಗಲೆಲ್ಲ ಗೆರೆಯಾಚೆ ತಾವೂ ಓಡುತ್ತಿದ್ದವರು. ಇಂಥವರ ಮಾತನ್ನು ನಂಬುವುದೂ ಕಷ್ಟ, ನಂಬದಿರುವುದೂ ಕಷ್ಟ.

"ನೀವು ಎಲ್ಲಿ ನಿಂತಿದ್ರಿ?" ಎಂದು ಕೇಳಿದಳು.

"ಮೈದಾನದ ಬದಿಯ ಬಸ್ಸಿನ ಹಿಂದೆ. ಚಾ ಕುಡೀತಿದ್ದೆ. ಉಪವಾಸ ಇದ್ದವರ ಎದುರು ಕುಡಿಯುದು ಸರಿಯಲ್ಲ ಅಂತ ಆ ಕಡೆ ಹೋದದ್ದು."

"ಅದು ಹಾಫ್ ಟೈಮಲ್ಲಿ?"

"ಹೌದು."

"ಬಾಟಲಿ ಯಾವ ಬಣ್ಣ?"

"ನೀಲಿ. ಇವನ ಕೈಯಲ್ಲಿ ಯಾವಾಗ್ಲೂ ಇರುದು ಅದೇ."

"ಮುಚ್ಚಳ ತೆಗೆದದ್ದು ಯಾರು?"

"ಇವನೇ. ತೆಗೆದು ಕೊಟ್ಟ."

"ಸುಶಾಂತ್ ಎಷ್ಟು ಕುಡಿದ?"

"ಗಟಗಟ ಅರ್ಧ ಖಾಲಿ ಮಾಡಿದ. ಮತ್ತೆ ಸ್ವಲ್ಪ ಮೋರೆಗೆ ಹಾಕಿಕೊಂಡ. ಸೆಕೆಗೆ ಯಾರಾದ್ರೂ ಹಾಗೇ ಮಾಡುದಲ್ವಾ?"

ಜ್ಯೋತ್ಸ್ನಾ ತಲೆಯಾಡಿಸಿದಳು. ಅಪಘಾತದ ಜಾಗದಲ್ಲಿ ಎಷ್ಟೋ ಮಂದಿಯ ಮಾತು ಕೇಳಿದ್ದ ಕಿವಿ ಅವಳದು. ನಿಜವಾಗಿ ಕಂಡವರು ಇಂಥ ಪ್ರಶ್ನೆಗೆ ನೆನಪಿಲ್ಲ ಎನ್ನುತ್ತಾರೆ, ಅಷ್ಟು ಗಮನಿಸಲಿಲ್ಲ ಎನ್ನುತ್ತಾರೆ. ದುಗ್ಗಣ್ಣನಿಗೆ ಕೇಳಿದ್ದೆಲ್ಲ ಗೊತ್ತಿತ್ತು, ಕೇಳದ್ದೂ ಗೊತ್ತಿತ್ತು.

ಅವಳು ಎದ್ದು ಮೂಲೆಯಲ್ಲಿದ್ದ ಆಟದ ಬ್ಯಾಗನ್ನು ತಂದು ಮೇಜಿನ ಮೇಲಿಟ್ಟಳು.

"ಇದು ಸುಶಾಂತನ ಬ್ಯಾಗು. ಮೈದಾನದಿಂದ ಕಾಕ ಎತ್ತಿಕೊಂಡು ಬಂದದ್ದು. ನಿನ್ನೆ ಇದನ್ನು ನೋಡಿದೆ." ಜಿಪ್ ಎಳೆದು ಒಳಗಿನಿಂದ ಒಂದು ನೀರಿನ ಬಾಟಲಿ ತೆಗೆದಳು. ಮುಚ್ಚಳದ ಸೀಲು ಒಡೆದಿರಲಿಲ್ಲ. ಆಮೇಲೆ ಟಿಶ್ಯೂ ಕಾಗದದಲ್ಲಿ ಜೋಪಾನವಾಗಿ ಸುತ್ತಿದ್ದ ಖರ್ಜೂರಗಳನ್ನು ತೆಗೆದಿಟ್ಟಳು. "ಆಟಕ್ಕೆ ಬಂದವನು ಸ್ವಂತ ನೀರನ್ನು ಮುಟ್ಟಲಿಲ್ಲ. ಖರ್ಜೂರವನ್ನು ಕಟ್ಟಿ ಇಟ್ಟುಕೊಂಡಿದ್ದಾನೆ. ಎಂತಕ್ಕೆ?"

"ಈ ತಿಂಗಳಲ್ಲಿ ಇಲ್ಲಿ ಯಾರ ಬ್ಯಾಗಲ್ಲಿ ಖರ್ಜೂರ ಇರುದಿಲ್ಲ?" ಎಂದರು ದುಗ್ಗಣ್ಣ. "ನನ್ನ ಕಾರಲ್ಲಿಯೂ ಉಂಟು. ಇಕೊಳ್ಳಿ, ಈ ಮೇಜಿನ ಮೇಲೆಯೂ ಉಂಟು."

ಇತ್ತು. ಬಾಂಗಿನ ಹೊತ್ತಿಗೆಂದು ಒಂದು ಡಬ್ಬಿ ತುಂಬ ಖರ್ಜೂರ, ಪಕ್ಕದಲ್ಲಿ ನೀರಿನ ಬಾಟಲಿಗಳು. ನೀರು ಗ್ಯಾರೇಜಿನದು. ತಾವು ಬರುವಾಗ ಡಬ್ಬಿ ಬಾಗಿಲಲ್ಲೇ ಇತ್ತು ಎಂದು ವ್ಯಾಲೆಂಟೈನ್ ಒಳಗೆ ತಂದಿಟ್ಟಿದ್ದರು. ರಂಜಾನಿನಲ್ಲಿ ಹಾಗೆಯೇ. ಪಕ್ಕದ ಅಂಗಡಿಯವರು ಕೊಡುತ್ತಾರೆ, ಸಿಗ್ನಲಿನಲ್ಲಿ ಕಿಟಕಿಯೊಳಗೆ ಇಟ್ಟು ಹೋಗುತ್ತಾರೆ. ಯಾರು ಕೊಟ್ಟದ್ದು ಎಂದು ಯಾರೂ ಕೇಳುವುದಿಲ್ಲ.

ಜ್ಯೋತ್ಸ್ನಾ ಬಾಗಿಲ ಕಡೆ ತಿರುಗಿದಳು. "ಫಾಯಿಝ್, ಶುಕ್ರವಾರ ಸುಶಾಂತ್ ಬೆಳಿಗ್ಗೆ ಎಂತ ತಿಂದಿದ್ದ?"

ಹುಡುಗ ತಲೆ ಎತ್ತಲಿಲ್ಲ. ತುಟಿ ಒಣಗಿತ್ತು. "ಪ್ರಾಮಿಸ್ ಮಾಡಿದ್ದೆ ಆಂಟಿ. ಯಾರಿಗೂ ಹೇಳುದಿಲ್ಲ ಅಂತ."

"ಅವನು ಬಿದ್ದಾಗ ಆ ಪ್ರಾಮಿಸ್ ಮುಗಿಯಿತು. ಹೇಳು."

"ಬೆಳಕಾದ ಮೇಲೆ ಏನೂ ತಿನ್ಲಿಲ್ಲ. ನನ್ನ ಒಟ್ಟಿಗೆ ಬೆಳಗಿನ ಜಾವದ ಅತ್ತಾಳದ ಊಟಕ್ಕೆ ಎದ್ದಿದ್ದ. ನಮ್ಮ ಮನೆಯಲ್ಲೇ. ಉಮ್ಮ ಪತ್ತಿರ್ ರೊಟ್ಟಿ ಮಾಡಿದ್ರು. ಮತ್ತೆ ದಿನ ಇಡೀ ಫಾಸ್ಟಿಂಗ್." ಅವನ ಕಣ್ಣು ನೆಲದಲ್ಲೇ ಇತ್ತು. "ಈ ರಂಜಾನಲ್ಲಿ ಎಲ್ಲ ಶುಕ್ರವಾರವೂ ಅವ ಉಪವಾಸ ಇದ್ದ, ನನ್ನ ಜೊತೆ. ನಾನು ಹಸಿದುಕೊಂಡು ಓಡುವಾಗ ಅವ ಹೊಟ್ಟೆ ತುಂಬಿಸಿ ಓಡಿದ್ರೆ ಅದು ಫೇರ್ ಅಲ್ಲ ಅಂತ ಅವನದ್ದು. ಅಮ್ಮನಿಗೆ ಗೊತ್ತಾದ್ರೆ ಬೈತಾರಂತೆ. ‘ಷಷ್ಠಿಗೆ ಒಂದು ಹೊತ್ತು ಉಪವಾಸ ಕೂರದವ ಅಲ್ಲಿ ಹೋಗಿ ರಂಜಾನ್ ಹಿಡಿದ್ಯಾ’ ಅಂತ."

ಪಕೀರಬ್ಬ ಕಣ್ಣು ಮುಚ್ಚಿ ಮೆಲ್ಲಗೆ ಏನೋ ಹೇಳಿಕೊಂಡರು. ವ್ಯಾಲೆಂಟೈನ್ ಕುರ್ಚಿಯಲ್ಲಿ ನೆಟ್ಟಗಾದರು.

"ಡಾಕ್ಟರು ಹೇಳಿದ್ದೂ ಅದೇ," ಎಂದಳು ಜ್ಯೋತ್ಸ್ನಾ. "ಹೊಟ್ಟೆ ಪೂರಾ ಖಾಲಿ ಇತ್ತು, ಅದಕ್ಕೇ ಔಷಧ ಅಷ್ಟು ಬೇಗ ಹಿಡಿಯಿತು ಅಂತ. ಆಟ ಆಡುವ ಹುಡುಗನ ಹೊಟ್ಟೆ ಯಾಕೆ ಖಾಲಿ ಅಂತ ನಾವು ಯಾರೂ ಕೇಳಲಿಲ್ಲ. ದುಗ್ಗಣ್ಣ, ಸುಶಾಂತ್ ಹಿಂದೂ ಹುಡುಗ, ಹಾಫ್ ಟೈಮಲ್ಲಿ ನೀರು ಕುಡಿದೇ ಕುಡೀತಾನೆ ಅಂತ ನೀವು ಅಂದ್ಕೊಂಡ್ರಿ. ಅಂದ್ಕೊಂಡದ್ದನ್ನೇ ಕಂಡೆ ಅಂತ ಹೇಳಿದ್ರಿ. ಬೇರೆ ಯಾರಾದ್ರೂ ಆಗಿದ್ರೆ ನಾನೂ ನಂಬ್ತಿದ್ದೆನೋ ಏನೋ. ಆದ್ರೆ ಆ ಹುಡುಗ ಅವತ್ತು ನೀರು ಮುಟ್ಟಿದವನಲ್ಲ. ಮೋರೆಗೆ ಹಾಕಿಕೊಂಡದ್ದನ್ನೂ ನೀವು ಕಾಣಲಿಲ್ಲ."

ದುಗ್ಗಣ್ಣನ ಕುತ್ತಿಗೆ ಕೆಂಪಾಯಿತು. ಬೈಯುತ್ತಾರೆಂದು ವ್ಯಾಲೆಂಟೈನ್ ಕಾದರು. ಬೈಯಲಿಲ್ಲ. ಅಂಗೈಗಳು ಮೇಜಿನಿಂದ ಜಾರಿ ಮಡಿಲಿಗೆ ಬಿದ್ದವು.

"ಇವನೇ ಅಂತ ನನಗೆ ಖಾತ್ರಿ ಇತ್ತು," ಎಂದರು, ತಮಗೇ ಹೇಳಿಕೊಳ್ಳುವಂತೆ. "ಖಾತ್ರಿ ಇದ್ರೆ ಸಾಕಾಗುದಿಲ್ಲ, ಕಂಡವರು ಬೇಕು ಅಂತಾರಲ್ಲ. ಅದಕ್ಕೆ."

"ಒಂದೂ ಕಾಣಲಿಲ್ವಾ?"

"ಬಸ್ಸಿನ ಹಿಂದಿನಿಂದ ಇಬ್ಬರೂ ಕೂತದ್ದು ಕಂಡದ್ದು ನಿಜ. ಇವ ಕೈ ಚಾಚಿದ್ದು ನಿಜ. ಅವ ತೆಗೊಂಡದ್ದೂ ನಿಜ. ಕೈಯಲ್ಲಿ ಎಂತ ಇತ್ತು ಅಂತ ಕಾಣಲಿಲ್ಲ. ಬಾಟಲಿ ನಾನು ಸೇರಿಸಿದ್ದು."

ಜ್ಯೋತ್ಸ್ನಾ ಆ ಮಾತನ್ನು ಕೇಳಿದಳು. ಕೇಳಿ, ಗೆದ್ದವರ ಅವಸರದಲ್ಲಿ ದಾಟಿ ಮುಂದೆ ಹೋದಳು. ಆಮೇಲೆ ಅದನ್ನು ನೆನೆದು ನಾಚಿಕೊಳ್ಳುವುದಿತ್ತು.

"ನಾನು ಸುಳ್ಳು ಹೇಳಿದ್ದು ಅಂತ ನಿಮ್ಮೆಲ್ಲರ ಎದುರು ಒಪ್ತೇನೆ," ಎಂದರು ದುಗ್ಗಣ್ಣ, ಈಗ ಸ್ವಲ್ಪ ಗಟ್ಟಿಯಾಗಿ. "ಆದ್ರೆ ಔಷಧ ಸುಳ್ಳಲ್ಲ ಜ್ಯೋತ್ಸ್ನಕ್ಕ. ನೀರು ಕುಡಿಯದವ, ಅನ್ನ ಮುಟ್ಟದವ. ಹಾಗಾದ್ರೆ ಅದು ಅವನ ಹೊಟ್ಟೆಗೆ ಹೋದದ್ದು ಹೇಗೆ? ಅದನ್ನು ಹೇಳಿ. ಹೇಳ್ಲಿಕ್ಕೆ ಆಗದಿದ್ರೆ ನಾನು ಪೊಲೀಸಿಗೆ ಹೋಗುವವನೇ. ಬಾಟಲಿ ಬಿಟ್ಟು ಬಾಕಿ ಎಲ್ಲ ಹೇಳ್ತೇನೆ."

ಅದು ನ್ಯಾಯದ ಪ್ರಶ್ನೆ. ಅದರ ಉತ್ತರ ಅವಳ ಕೈಚೀಲದಲ್ಲಿತ್ತು.

ತೆಗೆಯದೆ ಇದ್ದರೂ ಆಗುತ್ತಿತ್ತು. ಬ್ಯಾಗಿನ ಪಕ್ಕದ ಜೇಬಿನಲ್ಲಿ ಸಿಕ್ಕಿದ ಆ ಪೊಟ್ಟಣವನ್ನು ಬೇರೆ ಯಾರೂ ಕಂಡಿರಲಿಲ್ಲ. ಬೆಳಿಗ್ಗೆ ಅದರಿಂದ ಒಂದು ಚಿಟಿಕೆ ತೆಗೆದು ಆಸ್ಪತ್ರೆಯ ಡಾಕ್ಟರಿಗೆ ಕೊಟ್ಟು ಬಂದಿದ್ದಳು. ಮಧ್ಯಾಹ್ನ ಅವರು ಫೋನು ಮಾಡಿದರು. ಅದೇ ಔಷಧ, ಇದು ಎಲ್ಲಿಂದ ಬಂತು ಎಂದು ಕೇಳಿದರು. ನಾಳೆ ಹೇಳುತ್ತೇನೆ ಎಂದಿದ್ದಳು. ನಾಳೆ ಎನ್ನುವಾಗ ತನ್ನ ದನಿ ತನಗೇ ಬೇರೆಯವರದ್ದೆಂಬಂತೆ ಕೇಳಿಸಿತ್ತು.

ಅವಳು ಗೋಡೆಯ ಕಡೆ ನೋಡಿದಳು. ಲೋಕನಾಥ ಸೀಟಿ ಕಚ್ಚಿಕೊಂಡು, ಯಾರದೋ ತಪ್ಪಿಗೆ ಊದಲು ತಯಾರಾಗಿ ನಿಂತಿದ್ದ. ಸ್ವಂತ ತಂಡದ ಹುಡುಗರ ತಪ್ಪಿಗೂ ಊದುತ್ತಿದ್ದ ಮನುಷ್ಯ. ಅದಕ್ಕಾಗಿ ಬೈಸಿಕೊಂಡೂ ಇದ್ದ. ಬಾಗಿಲ ಬಳಿ ಫಾಯಿಝ್ ಎರಡೂ ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕುಳಿತಿದ್ದ.

ದೇವರೇ, ನಿನ್ನ ಹೆಸರಿನದನ್ನು ನಾನು ಹೇಗೆ ಬಚ್ಚಿಡಲಿ, ಎಂದುಕೊಂಡಳು. ಕೈಚೀಲದ ಬಾಯಿ ತೆರೆದಳು.

ಬೆಳ್ಳಿಬಣ್ಣದ ಹಾಳೆಯ ಪುಟ್ಟ ಪೊಟ್ಟಣ. ಸುತ್ತಲೂ ಹಳದಿ ನೂಲು. ಒಂದು ಬದಿ ಹರಿದಿತ್ತು. ಹರಿದಲ್ಲಿಂದ ಬೆಲ್ಲದ ಬಣ್ಣದ ಪುಡಿ, ಕಡಲೆಬೇಳೆಯ ತುಣುಕು, ಎಳ್ಳು ಕಾಣುತ್ತಿದ್ದವು. ಏಲಕ್ಕಿಯ ವಾಸನೆ ಮೇಜಿನ ಮೇಲೆ ಹರಡಿತು.

ದುಗ್ಗಣ್ಣ ಅದನ್ನು ಕಂಡದ್ದೇ ಅಭ್ಯಾಸದಂತೆ ಬೆರಳು ತಾಗಿಸಿ ಕಣ್ಣಿಗೊತ್ತಿಕೊಳ್ಳಲು ಹೋದರು. ಅರ್ಧಕ್ಕೆ ಕೈ ನಿಂತಿತು.

"ಪಂಚಕಜ್ಜಾಯ," ಎಂದರು.

"ಹೌದು. ಔಷಧ ಇದರಲ್ಲಿತ್ತು. ಡಾಕ್ಟರು ನೋಡಿ ಹೇಳಿದ್ದಾರೆ." ಜ್ಯೋತ್ಸ್ನಾ ಪೊಟ್ಟಣವನ್ನು ಮೇಜಿನ ನಡುವಿಗೆ ಸರಿಸಿದಳು. "ಉಪವಾಸ ಇದ್ದವನೂ ಪ್ರಸಾದ ಬಂದ್ರೆ ಬೇಡ ಅನ್ನುದಿಲ್ಲ. ಕಣ್ಣಿಗೊತ್ತಿ ಬಾಯಿಗೆ ಹಾಕ್ತಾನೆ. ಸುಶಾಂತನೂ ಹಾಗೇ ಮಾಡಿದ್ದಾನೆ. ಬೆಳಕಾದ ಮೇಲೆ ಅವನ ಹೊಟ್ಟೆಗೆ ಹೋದದ್ದು ಇದೊಂದೇ."

"ಇದು..." ವ್ಯಾಲೆಂಟೈನ್ ಮುಂದಕ್ಕೆ ಬಾಗಿದರು. "ಇಂಥ ನೂಲು ಕಟ್ಟುದು ಲೋಕನಾಥಣ್ಣ ಅಲ್ವಾ? ಭಜನೆ ಆದ ಮರುದಿನ ನನಗೂ ಒಂದು ತಂದುಕೊಡ್ತಿದ್ರು."

"ಅವರು ಕಟ್ಟುತ್ತಿದ್ದದ್ದು. ಈಗ ನಾನು ಕಟ್ಟುದು. ಗುರುವಾರ ಸಂಜೆ ಅಲ್ ಥುಮಾಮಾದ ನಮ್ಮ ಮನೆಯಲ್ಲಿ ಭಜನೆ ಇತ್ತು. ದುಗ್ಗಣ್ಣ, ನೀವೂ ಬಂದಿದ್ರಿ. ಹೋಗುವಾಗ ಎಲ್ಲರಿಗೂ ಕೊಟ್ಟದ್ದು ಇದನ್ನೇ. ಇದು ನನ್ನ ಕೈಯಾರೆ ಕಾಸಿ, ದೇವರ ಎದುರು ಇಟ್ಟು, ಕಟ್ಟಿದ ಪೊಟ್ಟಣ."

ಪಕೀರಬ್ಬ ಅವಳನ್ನೇ ನೋಡುತ್ತಿದ್ದರು. ಹೇಳಬೇಕಾಗಿರಲಿಲ್ಲ ತಂಗಿ ಎನ್ನುವಂತೆ ಇತ್ತು ಆ ನೋಟ.

"ಇನ್ನೊಂದು ನೋಡಿ," ಎಂದಳು. "ಅವರು ಗಂಟು ಹಾಕುತ್ತಿರಲಿಲ್ಲ. ಹಲ್ಲಿಲ್ಲದ ಮುದುಕರೂ ಬಿಚ್ಚಬೇಕು ಅಂತ ನೂಲನ್ನು ಸುತ್ತಿ ತುದಿಯನ್ನು ಅಡಿಗೆ ಸಿಕ್ಕಿಸುದು, ಅಷ್ಟೇ. ನಾನೂ ಹಾಗೇ. ಇದರಲ್ಲಿ ಗಂಟು ಉಂಟು. ಬಿಗಿ ಗಂಟು. ಬಿಚ್ಚಲು ಬಾರದೆ ಹುಡುಗ ಹಾಳೆಯನ್ನೇ ಹರಿದಿದ್ದಾನೆ. ಅಂದ್ರೆ ನಮ್ಮ ಮನೆಯಿಂದ ಹೊರಟ ಮೇಲೆ ಯಾರೋ ಇದನ್ನು ಬಿಚ್ಚಿ, ಔಷಧ ಬೆರೆಸಿ, ಪುನಃ ಕಟ್ಟಿದ್ದಾರೆ. ನೂಲು ನಮ್ಮದು. ಗಂಟು ನಮ್ಮದಲ್ಲ."

ದುಗ್ಗಣ್ಣ ಕುರ್ಚಿಗೆ ಒರಗಿದರು. ಆ ಪೊಟ್ಟಣವನ್ನೇ ನೋಡಿದರು. ಮುಖದಲ್ಲಿದ್ದ ಸಿಟ್ಟು ಹೋಗಿತ್ತು. ಅದರ ಜಾಗದಲ್ಲಿ ಬಂದದ್ದು ಅದಕ್ಕಿಂತ ಭಾರವಾದದ್ದು.

"ಗುರುವಾರ ಅಲ್ಲಿಗೆ ಬಂದವರು ಎಲ್ಲ ನಮ್ಮವರೇ," ಎಂದರು.

"ಹೌದು."

"ಇವನು ಬರ್ಲಿಲ್ಲ."

"ಇಲ್ಲ. ಅವನು ಬರಲಿಲ್ಲ."

ಕಿಟಕಿಯಾಚೆ ಬೆಳಕು ಹಳದಿಯಿಂದ ಬೂದಿಗೆ ತಿರುಗುತ್ತಿತ್ತು. ವ್ಯಾಲೆಂಟೈನ್ ಫೋನು ಎತ್ತಿ ಹೊತ್ತು ನೋಡಿದರು. "ಈಗ ಬಾಂಗ್ ಆಗ್ತದೆ. ಹೆಸರು ಹೋಗ್ಬೇಕು ದುಗ್ಗಣ್ಣ."

"ಫಾಯಿಝ್ ಅಂತ ಕಳಿಸಿ."

"ಖಾತ್ರಿಯಾ?"

"ಆಟ ನೋಡಿ ಹೇಳುದಾದ್ರೂ ಅವನೇ. ಸುಶಾಂತನಿಗೆ ಬಾಲ್ ತಂದುಕೊಡ್ತಿದ್ದದ್ದು ಯಾರು? ಬಾಲ್ ಹೋಗುವ ಜಾಗಕ್ಕೆ ಅದಕ್ಕಿಂತ ಮೊದಲೇ ಹೋಗಿ ನಿಲ್ತಾನೆ ಈ ಪೋರ." ದುಗ್ಗಣ್ಣ ಮೊದಲ ಬಾರಿಗೆ ಬಾಗಿಲ ಕಡೆ ನೇರವಾಗಿ ನೋಡಿದರು. "ನಾನು ತಪ್ಪು ಮಾತಾಡಿದೆ ಮಗಾ. ನಿನ್ನ ಉಮ್ಮನ ಹತ್ರ ನಾಳೆ ನಾನೇ ಬಂದು ಹೇಳ್ತೇನೆ."

"ಹಾಗಾದ್ರೆ ಕೆನೆತ್‌ಗೆ ಕಣ್ಣು ತೆರೀಲಿಕ್ಕೆ ಕಲಿಸಲು ನನಗೆ ಇನ್ನೊಂದು ವರ್ಷ ಸಿಕ್ಕಿತು," ಎಂದು ವ್ಯಾಲೆಂಟೈನ್ ಬೆರಳಾಡಿಸಿ ಫೋನನ್ನು ಮೇಜಿನ ಮೇಲಿಟ್ಟರು. "ಹೋಯ್ತು."

ಅಷ್ಟರಲ್ಲಿ ಬೀದಿಯ ಕೊನೆಯ ಮಸೀದಿಯಿಂದ ಬಾಂಗ್ ಎದ್ದಿತು. ಅದರ ಹಿಂದೆಯೇ ಇನ್ನೊಂದು, ದೂರದಲ್ಲಿ ಮತ್ತೊಂದು. ಬಸ್ಸುಗಳ ಸದ್ದು ಅಡಗಿತು.

ಸಕ್ಕರೆ ಕಾಯಿಲೆಯ ಪಕೀರಬ್ಬ ಬಿಸ್ಮಿ ಎಂದು ದೇವರ ಹೆಸರು ಹೇಳಿ ಬಾಟಲಿಯ ನೀರನ್ನು ಗುಟುಕರಿಸಿದರು. ಖರ್ಜೂರದ ಡಬ್ಬಿಯನ್ನು ಫಾಯಿಝ್‌ನ ಕಡೆಗೆ ತಳ್ಳಿದರು. "ಬಾ ಮೋನೆ. ಮೊದಲ ಸರದಿ ನಿನ್ನದೇ."

ಹುಡುಗ ಎದ್ದು ಬಂದ. ಡಬ್ಬಿಯಿಂದ ಒಂದು ಖರ್ಜೂರ ತೆಗೆದ. ಬಾಯಿಗೆ ಹಾಕಲಿಲ್ಲ. ಬೆರಳುಗಳ ನಡುವೆ ಅದನ್ನು ಹಿಡಿದು, ಮೇಜಿನ ಮೇಲಿನ ಪೊಟ್ಟಣವನ್ನೇ ನೋಡುತ್ತ ನಿಂತ.

"ಎಂತ?" ಎಂದಳು ಜ್ಯೋತ್ಸ್ನಾ.

"ದುಗ್ಗಣ್ಣ ಅಂಕಲ್ ಹೇಳಿದ್ದು ಪೂರಾ ಸುಳ್ಳಲ್ಲ ಆಂಟಿ."

ದುಗ್ಗಣ್ಣ ಅವನ ಕಡೆ ತಿರುಗಿದರು.

"ಹಾಫ್ ಟೈಮಲ್ಲಿ ನಾನು ಕೈ ಚಾಚಿದ್ದು ನಿಜ. ಇದನ್ನು ಅವನಿಗೆ ಕೊಟ್ಟದ್ದು ನಾನೇ." ಅವನ ಕಣ್ಣಲ್ಲಿ ನೀರು ತುಂಬಿತು. "ಹೇಳದೆ ಉಪವಾಸ ಬಿಡ್ಲಿಕ್ಕೆ ಆಗುದಿಲ್ಲ ನನಗೆ. ಒಳಗೆ ಔಷಧ ಉಂಟು ಅಂತ ಗೊತ್ತಿರ್ಲಿಲ್ಲ. ಅಲ್ಲಾಹನಾಣೆ, ಗೊತ್ತಿರ್ಲಿಲ್ಲ."

ದುಗ್ಗಣ್ಣ ಅರ್ಧ ಎದ್ದರು. ಪಕೀರಬ್ಬ ಕೈ ಅಡ್ಡ ಹಿಡಿದರು.

"ನಿನಗೆ ಇದು ಎಲ್ಲಿ ಸಿಕ್ಕಿತು?" ಎಂದಳು ಜ್ಯೋತ್ಸ್ನಾ.

"ಇದು ಅವನಿಗೆ ಬಂದದ್ದಲ್ಲ ಆಂಟಿ. ನನಗೆ ಬಂದದ್ದು. ಬಾಂಗ್ ಆದ ಮೇಲೆ ತಿನ್ನು ಅಂತ ಕೊಟ್ಟದ್ದು. ಪೂಜೆಗೆ ಇಟ್ಟದ್ದನ್ನು ನಮ್ಮಲ್ಲಿ ತಿನ್ನುದಿಲ್ಲ. ಕೊಟ್ಟವರ ಎದುರು ಬೇಡ ಅಂತ ಹೇಳ್ಲಿಕ್ಕೆ ಆಗ್ಲಿಲ್ಲ, ತೆಗೊಂಡೆ. ಬಿಸಾಡ್ಲಿಕ್ಕೂ ಬಾರದು, ಶೂಸ್ ಇಡುವ ಬ್ಯಾಗಲ್ಲಿ ಇಡ್ಲಿಕ್ಕೂ ಬಾರದು. ನಿಮ್ಮವರಿಗೆ ಅದು ದೊಡ್ಡದು ಅಂತ ಗೊತ್ತುಂಟಲ್ಲ. ಅದಕ್ಕೆ ಸುಶಾಂತನ ಕೈಯಲ್ಲಿ ಕೊಟ್ಟೆ. ಅವ ಕಣ್ಣಿಗೆ ಒತ್ತಿಕೊಂಡು ಅಲ್ಲೇ ತಿಂದ."

ಆಸ್ಪತ್ರೆಯಲ್ಲಿ ಮಲಗಬೇಕಾಗಿದ್ದವನು ಸುಶಾಂತ್ ಅಲ್ಲ, ಫಾಯಿಝ್. ಜ್ಯೋತ್ಸ್ನಾಳಿಗೆ ಕೋಣೆ ಒಮ್ಮೆ ಚಿಕ್ಕದಾದಂತೆ ಅನಿಸಿತು.

"ಯಾರು ಕೊಟ್ಟದ್ದು ಫಾಯಿಝ್?"

ಅವನು ದುಗ್ಗಣ್ಣನನ್ನು ನೋಡಲಿಲ್ಲ, ಪಕೀರಬ್ಬರನ್ನು ನೋಡಲಿಲ್ಲ. ಗೋಡೆಯ ಮೇಲಿನ ಲೋಕನಾಥನ ಫೋಟೋವನ್ನು ನೋಡಿ, ಆಮೇಲೆ ಅವಳನ್ನು ನೋಡಿದ.

"ಕೇಳ್ಬೇಡಿ ಆಂಟಿ."

"ಕೇಳ್ತಿದ್ದೇನೆ."

"ಅಕ್ಷಯಾ," ಎಂದ. "ಶುಕ್ರವಾರ ಬೆಳಿಗ್ಗೆ, ಕಾಲೇಜಿನ ಪಾರ್ಕಿಂಗಲ್ಲಿ. ‘ಅಮ್ಮ ನಿನಗೇ ಅಂತ ಕಳಿಸಿದ್ದು. ನೀನೇ ತಿನ್ಬೇಕು, ಬೇರೆ ಯಾರಿಗೂ ಕೊಡ್ಬೇಡ’ ಅಂತ ಹೇಳಿದ್ಲು."

ಅಕ್ಷಯಾ ಜ್ಯೋತ್ಸ್ನಾಳ ಒಬ್ಬಳೇ ಮಗಳು. ಇದೇ ಹುಡುಗರ ಕಾಲೇಜಿನಲ್ಲಿ ಓದುವವಳು. ಶುಕ್ರವಾರ ಬೆಳಿಗ್ಗೆ ಲೈಬ್ರರಿಗೆಂದು ಹೇಳಿ ಹೊರಟಿದ್ದಳು. ಅವಳ ಕೈಯಲ್ಲಿ ಜ್ಯೋತ್ಸ್ನಾ ಯಾರಿಗೂ ಯಾವ ಪೊಟ್ಟಣವನ್ನೂ ಕಳಿಸಿರಲಿಲ್ಲ.

ಮೇಜಿನ ಮೇಲೆ ಜ್ಯೋತ್ಸ್ನಾಳ ಫೋನು ನಡುಗಿತು. ಪರದೆಯ ಮೇಲಿನ ಹೆಸರು ಎಲ್ಲರಿಗೂ ಕಂಡಿತು. ಎತ್ತಿ ಕಿವಿಗಿಟ್ಟುಕೊಂಡಳು.

"ಅಮ್ಮಾ." ಓಡಿ ಬಂದವಳಂತೆ ಮಗಳ ಉಸಿರು ಹಾರುತ್ತಿತ್ತು. "ಫಾಯಿಝ್ ಅಲ್ಲಿ ಇದ್ದಾನಾ? ಉಪವಾಸ ಬಿಟ್ಟನಾ? ಅವನಿಗೆ ಏನೂ ತಿನ್ನಲಿಕ್ಕೆ ಕೊಡಬೇಡಿ ಅಮ್ಮಾ. ಅಲ್ಲಿ ಬಾಗಿಲಲ್ಲಿ ಒಂದು ಡಬ್ಬಿ ಇತ್ತಾ? ಅದರ ಖರ್ಜೂರದಲ್ಲಿಯೂ ಅದೇ ಔಷಧ ಉಂಟು."

ಹೇಳಬೇಕಾದದ್ದನ್ನು ಹೇಳಿ ಹಗುರವಾದ ಹುಡುಗ ಆಗ ಬಿಸ್ಮಿ ಎಂದು, ಖರ್ಜೂರವನ್ನು ತುಟಿಯ ಹತ್ತಿರಕ್ಕೆ ತಂದಿದ್ದ.